ತಾಳೆ ನೋಡಿ ಓದುವ ಅಭ್ಯಾಸ

(ಗ್ರಂಥಾಲಯ ಸಪ್ತಾಹದ ಅಂಗವಾಗಿ ಬಂಟ್ವಾಳದಲ್ಲಿ ಓದುಗರು ಹಾಗೂ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ - ಈ ಮೂರು ಊರುಗಳಲ್ಲಿ ಸುದ್ದಿಗಾಗಿ ತಿರುಗಾಡುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. 'ನೀವೆಲ್ಲ ಬರೆಯುತ್ತೀರಿ, ಸರಿ. ಆದರೆ ಯಾವ ಪತ್ರಿಕೆಯನ್ನು ನಂಬಬೇಕು?' ಕೇಳುವವರ ಮುಖದಲ್ಲಿ ಕುಹಕ ಇರುವುದಿಲ್ಲ; ನಿಜವಾದ ಗೊಂದಲ ಇರುತ್ತದೆ. ಒಂದು ಪತ್ರಿಕೆಯಲ್ಲಿ ಜನಸಾಗರ ಎಂದು ವರ್ಣಿತವಾದ ಸಭೆ ಇನ್ನೊಂದರಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿರುತ್ತದೆ. ಒಂದರಲ್ಲಿ ಸಂತ್ರಸ್ತನಾದವನು ಇನ್ನೊಂದರಲ್ಲಿ ಕಿಡಿಗೇಡಿಯಾಗಿರುತ್ತಾನೆ. ಓದುಗ ಏನು ಮಾಡಬೇಕು?

ಈ ಪ್ರಶ್ನೆಗೆ ಒಂದು ಪತ್ರಿಕೆಯ ಹೆಸರು ಹೇಳಿ ಮುಗಿಸಲು ಸಾಧ್ಯವಿಲ್ಲ. ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕು ಎಂಬುದು ನನ್ನ ವಾದ. 'ಯಾವುದನ್ನು ನಂಬಲಿ' ಎನ್ನುವ ಬದಲು 'ಯಾವುದರ ಜೊತೆ ಯಾವುದನ್ನು ಇಟ್ಟು ಓದಲಿ' ಎಂದು ಕೇಳಿದರೆ ದಾರಿ ಸಿಗುತ್ತದೆ.

ನಿಂತ ನೆಲ ಇಲ್ಲದ ಪತ್ರಿಕೆ ಇಲ್ಲ

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. 1843ರ ಜುಲೈ 1ರಂದು ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಟಿತು. ಅದನ್ನು ಹೊರಡಿಸಿದವರು ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್. ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಅದು ಮುದ್ರಣವಾಗುತ್ತಿತ್ತು. ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು. ಜುಲೈ 1ನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಊರ ಸುದ್ದಿ, ಕಂಪೆನಿ ಸರಕಾರದ ಆಜ್ಞೆಗಳು, ಹೊರ ರಾಜ್ಯಗಳ ವರ್ತಮಾನ ಎಲ್ಲವೂ ಅದರಲ್ಲಿದ್ದವು. ಅದನ್ನು ಹೊರಡಿಸಿದವರು ಕ್ರೈಸ್ತ ಮಿಶನರಿಗಳು ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಅಂದರೆ ಕನ್ನಡ ಪತ್ರಿಕೋದ್ಯಮದ ಮೊದಲ ದಿನವೇ ಪತ್ರಿಕೆಗೆ ಒಂದು ನಿಂತ ನೆಲ ಇತ್ತು. ಅದರಿಂದ ಕನ್ನಡಕ್ಕೆ ಲಾಭವೇ ಆಯಿತು.

ಮುಂದೆ ಬಂದವುಗಳ ಕತೆಯೂ ಇಷ್ಟೇ. ಇದೇ ಬಂಟ್ವಾಳ ತಾಲೂಕಿನ ಪೆರುವಾಯಿಯವರಾದ ಕವಿ ಕಡೆಂಗೋಡ್ಲು ಶಂಕರ ಭಟ್ಟರು ಸಂಪಾದಿಸಿದ 'ರಾಷ್ಟ್ರಬಂಧು' ವಾರಪತ್ರಿಕೆಗೆ ಹೆಸರಿನಲ್ಲೇ ರಾಷ್ಟ್ರೀಯ ಚಳವಳಿಯ ಕಾವು ಇತ್ತು. 1938ರಲ್ಲಿ ಆರಂಭವಾದ ಕೊಂಕಣಿ ವಾರಪತ್ರಿಕೆ 'ರಾಕ್ಣೊ' ಮಂಗಳೂರು ಧರ್ಮಪ್ರಾಂತ್ಯದ ಪತ್ರಿಕೆ. ಅದು ಕನ್ನಡ ಲಿಪಿಯಲ್ಲಿ ಬರುತ್ತದೆ. 1941ರಲ್ಲಿ ವಿ.ಎಸ್. ಕುಡ್ವರು ಮಂಗಳೂರಿನಿಂದ 'ನವಭಾರತ' ದಿನಪತ್ರಿಕೆ ಆರಂಭಿಸಿದರು. 1970ರ ಜನವರಿ 1ರಂದು ಮಣಿಪಾಲದಿಂದ 'ಉದಯವಾಣಿ' ಬಂತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ 'ಮುಂಗಾರು' ಆರಂಭಿಸಿ, ಹಿಂದುಳಿದವರ, ದಲಿತರ ಪರವಾಗಿ ಬರೆಯುವ ಪತ್ರಿಕೆ ಇದು ಎಂದು ಮರೆಮಾಚದೆ ನಿಂತರು. ಸಾಮಾನ್ಯ ಓದುಗರಿಂದ ಷೇರು ಹಣ ಕೂಡಿಸಿ ಪತ್ರಿಕೆ ಕಟ್ಟುವ ಸಾಹಸ ಅದಾಗಿತ್ತು. 'ಹೊಸ ದಿಗಂತ' ರಾಷ್ಟ್ರೀಯ ಸ್ವಯಂಸೇವಕ ಸಂಘದ ವಿಚಾರಕ್ಕೆ ಹತ್ತಿರವಾದ ಪತ್ರಿಕೆ. 2003ರಲ್ಲಿ ಮಂಗಳೂರಿನಿಂದ ಆರಂಭವಾದ 'ವಾರ್ತಾಭಾರತಿ' ಅಲ್ಪಸಂಖ್ಯಾತರ, ದಲಿತರ, ಹಿಂದುಳಿದವರ ದನಿಗೆ ಹೆಚ್ಚಿನ ಜಾಗ ಕೊಟ್ಟಿತು. ಇವುಗಳ ಜೊತೆಗೆ ಬೆಂಗಳೂರಿನ ದೊಡ್ಡ ಪತ್ರಿಕೆಗಳು ಇಲ್ಲಿ ತಮ್ಮ ಕರಾವಳಿ ಪುಟಗಳನ್ನು ತೆರೆದವು. ತಾಲೂಕು ಕೇಂದ್ರಗಳಿಂದಲೂ ವಾರಪತ್ರಿಕೆಗಳು ಹೊರಟವು.

ಇಷ್ಟೊಂದು ಬಗೆಯ ದನಿ ಒಂದೇ ಜಿಲ್ಲೆಯಲ್ಲಿ ಇರುವುದು ಸಣ್ಣ ಸಂಪತ್ತಲ್ಲ. ನಮ್ಮಲ್ಲಿ ಅಭಿಪ್ರಾಯಗಳ ಬರ ಇಲ್ಲ. ಬರ ಇರುವುದು ಬೇರೆ ಕಡೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದೇ ಕಾಯ್ದೆ, ಎರಡು ಮನೆ

ಒಲವು ಬೇರೆ, ಸುಳ್ಳು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ನಮ್ಮ ಅರ್ಧ ಗೊಂದಲ ಹುಟ್ಟುತ್ತದೆ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. 1974ರ ಮಾರ್ಚ್ 1ರಂದು ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲ. ಗೇಣಿ ಪದ್ಧತಿ ಬಹಳ ವ್ಯಾಪಕವಾಗಿದ್ದ ನಮ್ಮ ಜಿಲ್ಲೆಯಲ್ಲಿ ಅದು ಮನೆ ಮನೆಯ ಸುದ್ದಿಯಾಯಿತು. ಒಕ್ಕಲು ಮನೆಯಲ್ಲಿ 'ಉಳುವವನಿಗೇ ಭೂಮಿ ಬಂತು' ಎಂದರು. ಧಣಿಗಳ ಮನೆಯಲ್ಲಿ, ನಾಲ್ಕು ಮುಡಿ ಗೇಣಿ ಮಾತ್ರ ಬರುತ್ತಿದ್ದ ವಿಧವೆಯ ಮನೆಯಲ್ಲಿ ಕೂಡ, 'ಭೂಮಿ ಹೋಯಿತು' ಎಂದರು. ಬಂತು ಎಂದವರೂ ಸುಳ್ಳು ಹೇಳಲಿಲ್ಲ, ಹೋಯಿತು ಎಂದವರೂ ಸುಳ್ಳು ಹೇಳಲಿಲ್ಲ. ಎರಡನ್ನೂ ಕೇಳಿದವನಿಗೆ ಮಾತ್ರ ಕಾಯ್ದೆ ಏನು ಮಾಡಿತು ಎಂಬುದು ಪೂರ್ತಿ ತಿಳಿಯುತ್ತಿತ್ತು.

ಪತ್ರಿಕೆಯ ಒಲವು ಎಂದರೆ ಬಹುಪಾಲು ಇದೇ. ಯಾವ ಅಂಗಳದಲ್ಲಿ ನಿಂತು ನೋಡುತ್ತೇವೆ ಎಂಬುದು. ಅಂಗಳ ಯಾವುದೆಂದು ತೋರಿಸಿಕೊಂಡು ಬರೆದರೆ ಅದು ಅಭಿಪ್ರಾಯ. ಮರೆಮಾಚಿ ಬರೆದರೆ ಅದು ಪಕ್ಷಪಾತ. ಇಲ್ಲದ್ದನ್ನು ಇದೆ ಎಂದು ಬರೆದರೆ ಅದು ಸುಳ್ಳು. ಮೊದಲನೆಯದು ಸಮಾಜಕ್ಕೆ ಬೇಕು. ಎರಡನೆಯದನ್ನು ಓದುಗ ಗುರುತಿಸಲು ಕಲಿಯಬೇಕು. ಮೂರನೆಯದಕ್ಕೆ ಕ್ಷಮೆ ಇಲ್ಲ.

ಒಲವು ಎಲ್ಲಿ ಕುಳಿತಿರುತ್ತದೆ?

ಸಂಪಾದಕೀಯದಲ್ಲಿ ಒಲವು ಕಾಣುವುದು ಸಹಜ. ಅದು ಇರುವುದೇ ಅದಕ್ಕಾಗಿ. ಸುದ್ದಿಯೊಳಗೆ ಅದು ಬೇರೆ ಬೇರೆ ಕಡೆ ಅಡಗಿ ಕುಳಿತಿರುತ್ತದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆವರೆಗಿನ ಹೆದ್ದಾರಿ ಅಗಲೀಕರಣವನ್ನೇ ತೆಗೆದುಕೊಳ್ಳಿ. ಉದಾಹರಣೆಗಾಗಿ ನಾನೇ ಎರಡು ಶೀರ್ಷಿಕೆ ಬರೆಯುತ್ತೇನೆ. 'ಹೆದ್ದಾರಿಗೆ ಅಡ್ಡಿಯಾಗಿದ್ದ ಅಂಗಡಿಗಳ ತೆರವು' ಎಂಬುದು ಒಂದು. 'ಹೆದ್ದಾರಿಗಾಗಿ ಬೀದಿಗೆ ಬಿದ್ದ ವ್ಯಾಪಾರಿಗಳು' ಎಂಬುದು ಇನ್ನೊಂದು. ಘಟನೆ ಒಂದೇ. ಮೊದಲನೆಯದನ್ನು ಓದಿದವನು ರಸ್ತೆಯ ಪಕ್ಷ, ಎರಡನೆಯದನ್ನು ಓದಿದವನು ಅಂಗಡಿಯ ಪಕ್ಷ.

ಶೀರ್ಷಿಕೆ ದಾಟಿದರೆ ಕ್ರಿಯಾಪದ ನೋಡಿ. ಒಬ್ಬ ನಾಯಕರು 'ಹೇಳಿದರು', 'ತಿಳಿಸಿದರು', 'ಸ್ಪಷ್ಟಪಡಿಸಿದರು'. ಇನ್ನೊಬ್ಬರು 'ಆರೋಪಿಸಿದರು', 'ಕಿಡಿಕಾರಿದರು', 'ಹರಿಹಾಯ್ದರು'. ಇಬ್ಬರೂ ಅದೇ ಮೈಕಿನ ಮುಂದೆ ಅದೇ ದನಿಯಲ್ಲಿ ಮಾತಾಡಿರಬಹುದು. 'ಸ್ಪಷ್ಟಪಡಿಸಿದರು' ಎಂದೊಡನೆ ಮಾತು ನಿಜವೆಂದು ನಾವು ಅರ್ಧ ಒಪ್ಪಿರುತ್ತೇವೆ. 'ಆರೋಪಿಸಿದರು' ಎಂದೊಡನೆ ಅರ್ಧ ಸಂಶಯಪಟ್ಟಿರುತ್ತೇವೆ.

ಮೂರನೆಯದು, ಯಾರ ಬಾಯಿಂದ ಸುದ್ದಿ ಬಂತು ಎಂಬುದು. ಪೊಲೀಸರು ಹೇಳಿದ್ದು ಮಾತ್ರವೇ, ಗಾಯಗೊಂಡವನ ಮನೆಯವರೂ ಮಾತಾಡಿದ್ದಾರೆಯೇ? ನಾಲ್ಕನೆಯದು, ಜಾಗ. ಮೊದಲ ಪುಟದ ಆರೋಪಕ್ಕೆ ಆರನೇ ಪುಟದ ಮೂಲೆಯಲ್ಲಿ ಉತ್ತರ ಬಂದರೆ ಅದು ಉತ್ತರವಲ್ಲ. ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದುವರಿಕೆ. ಬಂಧನವಾದ ದಿನ ಭಾವಚಿತ್ರ ಹಾಕಿದ ಪತ್ರಿಕೆ, ಐದು ವರ್ಷದ ಬಳಿಕ ಅದೇ ವ್ಯಕ್ತಿ ಖುಲಾಸೆಯಾದ ದಿನ ಎಷ್ಟು ಸಾಲು ಬರೆಯಿತು? ಬರೆಯದೆ ಬಿಡುವುದೂ ಒಂದು ಬಗೆಯ ಬರವಣಿಗೆ.

ಪಕ್ಷ ರಾಜಕೀಯ ಒಂದೇ ಒಲವಿಗೆ ಕಾರಣವೆಂದು ತಿಳಿಯಬಾರದು. ಸಣ್ಣ ಊರಿನ ವರದಿಗಾರನಿಗೆ ಇನ್ನೂ ಎರಡು ಹಗ್ಗಗಳಿವೆ. ಒಂದು, ಜಾಹೀರಾತು. ಬ್ರಹ್ಮಕಲಶ, ಚರ್ಚಿನ ಶತಮಾನೋತ್ಸವ, ಉರೂಸ್, ಸಹಕಾರಿ ಸಂಘದ ಹೊಸ ಕಟ್ಟಡ - ಇವುಗಳಿಗೆ ವಿಶೇಷ ಪುರವಣಿ ಬರುತ್ತದೆ. ಪುರವಣಿಗೆ ಹಣ ಕೊಟ್ಟವರ ಬಗ್ಗೆ ಮರುವಾರ ಕಟುವಾಗಿ ಬರೆಯಲು ಕೈ ಸುಲಭವಾಗಿ ಓಡುವುದಿಲ್ಲ. ಎರಡನೆಯದು, ಪರಿಚಯ. ಇಂದು ಯಾರ ಅಕ್ರಮದ ಬಗ್ಗೆ ಬರೆಯಬೇಕೋ ಅವರು ನಾಳೆ ಬೆಳಿಗ್ಗೆ ಅದೇ ಹೋಟೆಲಿನಲ್ಲಿ ಎದುರಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿರುತ್ತಾರೆ. ದೆಹಲಿಯ ಮಂತ್ರಿಯನ್ನು ಟೀಕಿಸುವುದು ಸುಲಭ, ಪಂಚಾಯತ್ ಸದಸ್ಯರನ್ನು ಟೀಕಿಸುವುದು ಕಷ್ಟ.

ಹಣದ ಹಗ್ಗ ಎಷ್ಟು ಬಿಗಿಯಾಗಬಹುದು ಎಂಬುದಕ್ಕೆ ದೇಶಮಟ್ಟದ ದಾಖಲೆಯೇ ಇದೆ. 2009ರ ಚುನಾವಣೆಗಳ ಬಳಿಕ 'ಕಾಸಿಗಾಗಿ ಸುದ್ದಿ'ಯ ದೂರುಗಳು ಎದ್ದಾಗ ಭಾರತೀಯ ಪತ್ರಿಕಾ ಮಂಡಳಿ ಉಪಸಮಿತಿ ನೇಮಿಸಿತು. 2010ರಲ್ಲಿ ಸಿದ್ಧವಾದ ಆ ಉಪಸಮಿತಿಯ ಪೂರ್ಣ ವರದಿ ಹೊರಬಂದದ್ದು 2011ರಲ್ಲಿ. ಪತ್ರಿಕೆಗಳ ಹುಳುಕನ್ನು ಪತ್ರಿಕೆಯವರೇ ಹೊರಗೆ ಹಾಕುವುದು ಎಷ್ಟು ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ದೂರದ ಕೆನಡಾದಿಂದ ಒಂದು ಪಾಠ

ಈ ಸಮಸ್ಯೆ ನಮ್ಮೊಬ್ಬರದಲ್ಲ. ಕೆನಡಾದ ಉದಾಹರಣೆ ನೋಡೋಣ. ಅಲ್ಲಿನ ಟೊರೊಂಟೊ ನಗರದಲ್ಲಿ 'ಟೊರೊಂಟೊ ಸ್ಟಾರ್' ಉದಾರವಾದಿ ಒಲವಿನ ಪತ್ರಿಕೆ. 1998ರಲ್ಲಿ ಕಾನ್ರಾಡ್ ಬ್ಲ್ಯಾಕ್ ಎಂಬ ಉದ್ಯಮಿ ಆರಂಭಿಸಿದ 'ನ್ಯಾಷನಲ್ ಪೋಸ್ಟ್' ಸಂಪ್ರದಾಯವಾದಿ ಒಲವಿನದು. ಚುನಾವಣೆ ಬಂದಾಗ ಅಲ್ಲಿನ ಹಲವು ಪತ್ರಿಕೆಗಳು ಯಾವ ಪಕ್ಷಕ್ಕೆ ತಮ್ಮ ಬೆಂಬಲ ಎಂದು ಸಂಪಾದಕೀಯದಲ್ಲೇ ಬರೆಯುವ ರೂಢಿ ಇದೆ. ಓದುಗನಿಗೆ ಪತ್ರಿಕೆ ನಿಂತ ಅಂಗಳ ಯಾವುದೆಂದು ತಿಳಿದಿರುತ್ತದೆ.

ಆ ದೇಶವನ್ನು ಗಾಬರಿಗೊಳಿಸಿದ್ದು ಪತ್ರಿಕೆಗಳ ಒಲವಲ್ಲ, ಪತ್ರಿಕೆಗಳು ಇಲ್ಲವಾದದ್ದು. 1980ರ ಆಗಸ್ಟ್ 27ರಂದು ಎರಡು ದೊಡ್ಡ ಕಂಪೆನಿಗಳು ಒಂದೇ ದಿನ ಒಂದೊಂದು ಹಳೆಯ ಪತ್ರಿಕೆಯನ್ನು ಮುಚ್ಚಿದವು. ಥಾಮ್ಸನ್ ಕಂಪೆನಿ 'ಒಟ್ಟಾವಾ ಜರ್ನಲ್' ನಿಲ್ಲಿಸಿತು, ಸೌಥಮ್ ಕಂಪೆನಿ 'ವಿನಿಪೆಗ್ ಟ್ರಿಬ್ಯೂನ್' ನಿಲ್ಲಿಸಿತು. ಒಂದು ನಗರ ಇವರ ಕೈಗೆ, ಇನ್ನೊಂದು ನಗರ ಅವರ ಕೈಗೆ ಎಂಬಂತಾಯಿತು. ಜನರ ಆಕ್ರೋಶ ಎಷ್ಟಿತ್ತೆಂದರೆ ಸರಕಾರ ಟಾಮ್ ಕೆಂಟ್ ಅವರ ನೇತೃತ್ವದಲ್ಲಿ ಆಯೋಗವನ್ನೇ ನೇಮಿಸಿತು. ಪತ್ರಿಕಾ ಒಡೆತನ ಕೆಲವೇ ಕೈಗಳಲ್ಲಿ ಸೇರುವುದಕ್ಕೆ ಮಿತಿ ಹಾಕಬೇಕೆಂದು 1981ರಲ್ಲಿ ಆಯೋಗ ಹೇಳಿತು. ಆ ಸಲಹೆ ಕಾಯ್ದೆಯಾಗಲಿಲ್ಲ.

ನಮ್ಮಲ್ಲಿ 'ಮುಂಗಾರು' 1990ರ ದಶಕದಲ್ಲಿ ನಿಂತುಹೋಯಿತು. ಅದರ ವಿಚಾರ ಒಪ್ಪದವರೂ ಇದ್ದರು. ಆದರೆ ಒಂದು ಪತ್ರಿಕೆ ಮುಚ್ಚಿದಾಗ ಅದನ್ನು ಒಪ್ಪುವವರಿಗಿಂತ ಒಪ್ಪದವರಿಗೇ ಹೆಚ್ಚು ನಷ್ಟ. ಒಪ್ಪುವವರಿಗೆ ತಮ್ಮ ವಿಚಾರ ಮೊದಲೇ ಗೊತ್ತಿರುತ್ತದೆ. ಒಪ್ಪದವರಿಗೆ ಎದುರು ಮಾತು ಕೇಳುವ ಕಿಟಕಿ ಮುಚ್ಚುತ್ತದೆ. ಎಲ್ಲ ಕಿಟಕಿಗಳೂ ಒಮ್ಮೆಗೇ ಮುಚ್ಚಿದರೆ ಹೇಗಿರುತ್ತದೆ ಎಂಬುದನ್ನು ಈ ದೇಶ 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಕಂಡಿದೆ. ಆಗ ಮುದ್ರಣಕ್ಕೆ ಮುನ್ನವೇ ಸುದ್ದಿಗೆ ಸೆನ್ಸಾರ್ ಬಂತು. ದೂರು ಕೇಳಬೇಕಾಗಿದ್ದ ಪತ್ರಿಕಾ ಮಂಡಳಿಯನ್ನೇ 1976ರಲ್ಲಿ ರದ್ದು ಮಾಡಲಾಯಿತು. ಅದು ಮತ್ತೆ ಬಂದದ್ದು 1979ರಲ್ಲಿ.

ನಮ್ಮ ಊರುಗಳ ಪರೀಕ್ಷೆ

ಈಗ ನಾನು ಹಿಂದೆ ಹೇಳಿದ ಬರದ ಮಾತಿಗೆ ಬರುತ್ತೇನೆ. ಪತ್ರಿಕೆಗಳು ಹಲವು ಇವೆ. ಆದರೆ ಒಬ್ಬೊಬ್ಬ ಓದುಗನ ಕೈಯಲ್ಲಿ ಒಂದೊಂದೇ ಇದೆ. ಈ ಮನೆಗೆ ಈ ಪತ್ರಿಕೆ, ಆ ಮನೆಗೆ ಆ ಪತ್ರಿಕೆ. ನಡುವೆ ಒಂದು ಗೋಡೆ. ಹತ್ತು ಅಭಿಪ್ರಾಯಗಳು ಹತ್ತು ಮನೆಗಳಲ್ಲಿ ಬೇರೆ ಬೇರೆಯಾಗಿ ಕುಳಿತರೆ ಅದನ್ನು ವೈವಿಧ್ಯ ಎನ್ನಲಾಗದು. ಅದು ಹತ್ತು ಏಕಾಭಿಪ್ರಾಯ.

ಇದರ ಬೆಲೆ ಎಷ್ಟೆಂದು ಬಂಟ್ವಾಳಕ್ಕೆ ಗೊತ್ತು. 2017ರ ಮೇ ಕೊನೆಯಲ್ಲಿ ಕಲ್ಲಡ್ಕದ ಘಟನೆಯ ಬಳಿಕ ಈ ತಾಲೂಕಿನಲ್ಲಿ ನಿಷೇಧಾಜ್ಞೆ ಬಂತು. ಆ ಬೇಸಗೆಯಿಂದ ಮಳೆಗಾಲದವರೆಗೆ ಎರಡೂ ಸಮುದಾಯಗಳ ಮನೆಗಳಲ್ಲಿ ಸಾವಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಮತ್ತೆ ಕೊಲೆಗಳಾದವು. ಅದರಲ್ಲೊಂದು ಇದೇ ತಾಲೂಕಿನ ಕೊಳತ್ತಮಜಲಿನಲ್ಲಿ. ಇಂಥ ದಿನಗಳಲ್ಲಿ ಸುದ್ದಿಯ ಒಂದು ಪದವೂ ಭಾರವಾಗುತ್ತದೆ. ಸತ್ತವನನ್ನು 'ಯುವಕ' ಎಂದರೆ ಒಂದು, 'ಕಾರ್ಯಕರ್ತ' ಎಂದರೆ ಇನ್ನೊಂದು, ಹಳೆಯ ಪ್ರಕರಣಗಳ ಪಟ್ಟಿ ಕೊಟ್ಟು ಬರೆದರೆ ಮತ್ತೊಂದು. ಒಂದೇ ಪತ್ರಿಕೆ ಓದುವ ಮನೆಗೆ ತನ್ನವನ ತಾಯಿಯ ಅಳು ಮಾತ್ರ ಕೇಳುತ್ತದೆ. ಹೊಳೆಯಾಚೆಯ ತಾಯಿಯೂ ಅತ್ತಿದ್ದಾಳೆ ಎಂಬುದು ತಿಳಿಯಬೇಕಾದರೆ ಇನ್ನೊಂದು ಪತ್ರಿಕೆ ತೆರೆಯಬೇಕು.

ಬೆಳ್ತಂಗಡಿ ತಾಲೂಕಿನದು ಬೇರೆ ಬಗೆಯ ಪರೀಕ್ಷೆ. 2025ರ ಜುಲೈಯಲ್ಲಿ ಧರ್ಮಸ್ಥಳದ ಬಗ್ಗೆ ಮಾಜಿ ನೈರ್ಮಲ್ಯ ಕಾರ್ಮಿಕನೊಬ್ಬ ದೂರು ಕೊಟ್ಟ. ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ನೆಲ ಅಗೆಯಲಾಯಿತು. ಆಗಸ್ಟ್ 23ರಂದು ದೂರುದಾರನೇ ಬಂಧಿತನಾದ. ಈ ನಡುವೆ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಸಾವಿರಾರು ಕೊಂಡಿಗಳನ್ನು ತೆಗೆಯಲು ಹೇಳಿ ತಡೆಯಾಜ್ಞೆ ಕೊಟ್ಟಿತು. ಒಂದು ಯೂಟ್ಯೂಬ್ ವಾಹಿನಿಯ ಅರ್ಜಿಯ ಮೇಲೆ ಹೈಕೋರ್ಟ್ ಆಗಸ್ಟ್ 1ರಂದು ಆ ವಾಹಿನಿಯ ಮಟ್ಟಿಗೆ ಅದನ್ನು ರದ್ದುಗೊಳಿಸಿತು. ಪ್ರಕರಣದ ಸತ್ಯಾಸತ್ಯ ತೀರ್ಮಾನಿಸುವುದು ತನಿಖೆ ಮತ್ತು ನ್ಯಾಯಾಲಯದ ಕೆಲಸ. ಅದು ಇಂದಿನ ವಿಷಯವಲ್ಲ. ನಾನು ಹೇಳುವುದು ಓದುಗರ ಬಗ್ಗೆ. ಆ ವಾರಗಳಲ್ಲಿ ಒಂದು ಗುಂಪಿಗೆ ಎಲ್ಲ ಮೊದಲೇ ಸಾಬೀತಾಗಿತ್ತು, ಇನ್ನೊಂದು ಗುಂಪಿಗೆ ಎಲ್ಲ ಮೊದಲೇ ಸುಳ್ಳಾಗಿತ್ತು. ಕಾದು ನೋಡೋಣ ಎಂದವನನ್ನು ಎರಡೂ ಗುಂಪಿನವರು ಸಂಶಯದಿಂದ ನೋಡಿದರು. ತನಗೆ ಬೇಕಾದ್ದನ್ನು ಹೇಳುವ ವಾಹಿನಿಯನ್ನು ಆರಿಸಿಕೊಂಡು, ಬೇಡವಾದ್ದನ್ನು ಹೇಳಿದವರನ್ನು 'ಮಾರಿಹೋದವರು' ಎನ್ನುವುದು ಬಹಳ ಸುಲಭವಾಯಿತು.

ತಾಳಮದ್ದಳೆಯೂ ತಾಳೆಗರಿಯೂ

ಎದುರು ಪಕ್ಷದ ಮಾತು ಕೇಳುವುದು ನಮಗೆ ಹೊಸದೇನೂ ಅಲ್ಲ. ತಾಳಮದ್ದಳೆ ಕೇಳಿ ಬೆಳೆದ ನಾಡು ಇದು. ರಾಮನ ಬಾಣ ಬಿದ್ದ ಬಳಿಕವೂ ವಾಲಿ ಮಾತಾಡುತ್ತಾನೆ, ರಾತ್ರಿಯೆಲ್ಲ ಮಾತಾಡುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಬಂದವರೆಲ್ಲ ರಾಮಭಕ್ತರೇ. ದೇವರಿಗೇ ಪ್ರಶ್ನೆ ಹಾಕುವ ವಾದವನ್ನು ಅವರು ತಲೆದೂಗಿ ಕೇಳಿದರು. ಆಮೇಲೆ ರಾಮನ ಉತ್ತರವನ್ನೂ ಕೇಳಿದರು. ಯಾರ ಭಕ್ತಿಯೂ ಕಡಿಮೆಯಾಗಲಿಲ್ಲ. ರಂಗಸ್ಥಳದಲ್ಲಿ ಇರುವ ಈ ತಾಳ್ಮೆ ಬೆಳಿಗ್ಗೆ ಪತ್ರಿಕೆ ಬಿಡಿಸುವಾಗ ಎಲ್ಲಿ ಹೋಗುತ್ತದೆ?

ಇನ್ನೊಂದು ಉದಾಹರಣೆ ಮೂಡುಬಿದಿರೆಯದು. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ 'ಧವಲಾ' ತಾಳೆಗರಿ ಗ್ರಂಥ ಜೈನ ಲೋಕಕ್ಕೆಲ್ಲ ಪೂಜ್ಯ. ಬಹುಕಾಲ ಅದು ದರ್ಶನಕ್ಕೆ ಮಾತ್ರ ಇತ್ತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿತು. ಮೊದಲು ಹೊರಗಿದ್ದ ನಕಲು ಪ್ರತಿಗಳನ್ನು ಆಧರಿಸಿ, ಮುಂದೆ ಮೂಡುಬಿದಿರೆಯ ಮೂಲ ಗರಿಗಳೊಡನೆ ತಾಳೆ ನೋಡಿ ಪಾಠ ನಿರ್ಧರಿಸಿದರು. ಒಂದು ಪ್ರತಿಯಲ್ಲಿ ಬಿಟ್ಟುಹೋದ ಸಾಲು ಇನ್ನೊಂದರಲ್ಲಿ ಸಿಗುತ್ತದೆ. ಲಿಪಿಕಾರ ತಪ್ಪಿದಲ್ಲಿ ಇನ್ನೊಬ್ಬ ಲಿಪಿಕಾರ ತಿದ್ದುತ್ತಾನೆ. ಲಿಪಿಕಾರನು ಮನುಷ್ಯ, ಆದ್ದರಿಂದ ತಪ್ಪುತ್ತಾನೆ ಎಂದು ಒಪ್ಪಿಕೊಂಡೇ ವಿದ್ವಾಂಸರು ಕೆಲಸ ಆರಂಭಿಸುತ್ತಾರೆ. ತಪ್ಪಿದ ಎಂದು ಅವನ ಪ್ರತಿಯನ್ನು ಸುಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ವರದಿಗಾರನೂ ಲಿಪಿಕಾರನೇ. ಅವನನ್ನು ಓದಬೇಕಾದ್ದೂ ಹೀಗೆಯೇ.

ಮಾಡಬಹುದಾದ್ದು

ಪ್ರತಿಯೊಂದು ಮನೆಗೂ ಮೂರು ಪತ್ರಿಕೆ ತರಿಸಿ ಎಂದರೆ ಅದು ಉಳ್ಳವರ ಮಾತಾಗುತ್ತದೆ. ಬೀಡಿ ಕಟ್ಟಿ ಜೀವನ ಸಾಗಿಸುವ ಮನೆಗಳ ಊರು ಇದು. ಅದಕ್ಕಾಗಿಯೇ ಗ್ರಂಥಾಲಯ ಇರುವುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿದೆ. ಓದುವ ಮೇಜಿಗೆ ನಾವು ಹಣ ಕೊಟ್ಟಿದ್ದೇವೆ. ಅರಿವು ಕೇಂದ್ರ ಎಂದು ಹೆಸರಾಗಿರುವ ನಿಮ್ಮ ಪಂಚಾಯತ್ ಗ್ರಂಥಾಲಯಕ್ಕೆ ಹೋಗಿ ನೋಡಿ. ಅಲ್ಲಿ ಒಂದೇ ಒಲವಿನ ಪತ್ರಿಕೆಗಳು ಮಾತ್ರ ಇದ್ದರೆ, ಬೇರೆ ಒಲವಿನದೂ ಒಂದು ಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ನಿಮ್ಮ ವಿಚಾರದ ಪತ್ರಿಕೆ ಮೊದಲೇ ಅಲ್ಲಿದ್ದರೆ, ನಿಮಗೆ ಆಗದ ವಿಚಾರದ ಪತ್ರಿಕೆಗಾಗಿ ನೀವೇ ಕೇಳಿದರೆ ಇನ್ನೂ ಒಳ್ಳೆಯದು.

ಪತ್ರಿಕೆ ಕೈಗೆತ್ತಿಕೊಂಡಾಗ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರಿನ ಸಾಲನ್ನೂ ಓದಿ. 1867ರ ಕಾಯ್ದೆಯ ಕಾಲದಿಂದ ಬಂದ ಕ್ರಮ ಅದು. ಅಂಗಳ ಯಾರದೆಂದು ತಿಳಿಯುವುದು ಅಲ್ಲಿಂದಲೇ. ಸುದ್ದಿ ತಪ್ಪಾಗಿದ್ದರೆ ಸಂಪಾದಕರಿಗೆ ಬರೆಯಿರಿ. ಉತ್ತರ ಬಾರದಿದ್ದರೆ ಪತ್ರಿಕಾ ಮಂಡಳಿಗೆ ಬರೆಯಬಹುದು. ಅಲ್ಲಿ ದೂರು ಕೊಡುವ ಮುನ್ನ ಸಂಪಾದಕರ ಗಮನಕ್ಕೆ ತಂದಿರಬೇಕು ಎಂಬ ನಿಯಮವೂ ಇದೆ. ಟಿ.ವಿ. ವಾಹಿನಿಗಳು ಮಾತ್ರ ಆ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮ ಪತ್ರಿಕೆಯೂ ಈ ಮಾತಿಗೆ ಹೊರತಲ್ಲ. ನಾನು ಬರೆದ ಸುದ್ದಿಯ ಪಕ್ಕದಲ್ಲಿ ಇನ್ನೊಂದು ಪತ್ರಿಕೆಯ ಸುದ್ದಿ ಇಟ್ಟು ಓದಿ. ಎರಡೂ ಹೊಂದುವ ಕಡೆ ಬಹುಪಾಲು ನಡೆದದ್ದು ಇರುತ್ತದೆ. ಹೊಂದದ ಕಡೆ ಕೇಳಬೇಕಾದ ಪ್ರಶ್ನೆ ಇರುತ್ತದೆ. ಆ ಪ್ರಶ್ನೆಯನ್ನು ನಮಗೆ ಕೇಳಿ. ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದರೆ ನಾವೂ ಇನ್ನಷ್ಟು ಎಚ್ಚರದಿಂದ ಬರೆಯುತ್ತೇವೆ.